ಎರಡನೇ ತರಗತಿಯ ಮಗನಿಗೆ ಟಿ.ಸಿ. ಕೊಡುತ್ತೇವೆ ಎನ್ನುತ್ತಿದ್ದಾರೆ, ಏನು ಮಾಡಲಿ?

ಎಳ್ಳುಹೂ (ರಾಣೆಬೆನ್ನೂರು) · ಗುರುವಾರ, ರಾತ್ರಿ 11:10

ಮಗನಿಗೆ ಏಳು ವರ್ಷ ನಾಲ್ಕು ತಿಂಗಳು. ಇವತ್ತು ಮಧ್ಯಾಹ್ನ ಶಾಲೆಯಿಂದ ಈ ತಿಂಗಳ ಮೂರನೆಯ ಕರೆ ಬಂತು. ಮುಂದಿನ ಬೆಂಚಿನ ಹುಡುಗಿಯ ತೋಳಿಗೆ ಪೆನ್ಸಿಲಿನಿಂದ ಚುಚ್ಚಿದ್ದಾನೆ. ‘ವರ್ಷ ಮುಗಿದ ಮೇಲೆ ಟಿ.ಸಿ. ಒಯ್ಯಿರಿ, ಇಂಥ ಮಗುವನ್ನು ನಮ್ಮಿಂದ ಸಂಭಾಳಿಸಲು ಆಗುವುದಿಲ್ಲ’ ಎಂದರು. ನಾನು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆ. ಗ್ರಾಹಕರ ಮುಂದೆಯೇ ಕಣ್ಣೀರು ಬಂತು.

ಮನೆಯಲ್ಲೂ ಅರೆಕ್ಷಣ ಕೂರುವುದಿಲ್ಲ. ಬೆಳಿಗ್ಗೆ 8:20ಕ್ಕೆ ವ್ಯಾನ್. ಹಲ್ಲುಜ್ಜಲು ಕಳಿಸಿದರೆ ಬಕೆಟ್ಟಿನಲ್ಲಿ ಸೋಪಿನ ಡಬ್ಬಿ ತೇಲಿಸುತ್ತ ನಿಂತಿರುತ್ತಾನೆ. ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ತರಲು ಹೋದವನು ಹಿತ್ತಿಲಿನಲ್ಲಿ ಇರುವೆಯ ಸಾಲಿನ ಹಿಂದೆ ಹೋಗಿರುತ್ತಾನೆ. ಹತ್ತು ಬಾರಿ ಕರೆಯುತ್ತೇನೆ, ಹನ್ನೊಂದನೆಯ ಬಾರಿ ಚೀರುತ್ತೇನೆ. ಆಗ ಅವನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ.

ಸೋಮವಾರ ಉಪ್ಪಿಟ್ಟಿನ ತಟ್ಟೆಯನ್ನೇ ಎಸೆದ. ನಾನು ಲಟ್ಟಣಿಗೆ ತೆಗೆದುಕೊಂಡು ಹೊಡೆದೆ. ತೋಳಿನ ಮೇಲೆ ಬಾಸುಂಡೆ ಎದ್ದಿತು. ಮರುದಿನ ಚಪಾತಿ ಮಾಡಲು ಹೋದರೆ ಲಟ್ಟಣಿಗೆ ಇಲ್ಲ. ಹುಡುಕಿದಾಗ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು. ಅವನೇ ಬಚ್ಚಿಟ್ಟಿದ್ದ. ಅಂದಿನಿಂದ ನನಗೆ ನಿದ್ದೆ ಇಲ್ಲ.

ಅತ್ತೆಯವರು ದೃಷ್ಟಿಯಾಗಿದೆ ಎನ್ನುತ್ತಾರೆ. ಮನೆಯವರು ‘ನಾನೂ ಹೀಗೆಯೇ ಇದ್ದೆ, ಸರಿಹೋಗಲಿಲ್ಲವೇ’ ಎನ್ನುತ್ತಾರೆ. ಹದಿನೈದು ದಿನಕ್ಕೆ ನಾದಿನಿಯ ಸೀಮಂತ. ಅವನನ್ನು ಎಲ್ಲಾದರೂ ಬಿಟ್ಟು ಬರಲು ಆಗುತ್ತದೆಯೇ ಎಂದು ಕೇಳಿದರು.

ಆದರೆ ನಮ್ಮ ಬೀಜದ ಅಂಗಡಿಯಲ್ಲಿ ಇದೇ ಹುಡುಗ ಎರಡು ಗಂಟೆ ಕೂತು ಬೀಜ ಬೇರೆ ಮಾಡುತ್ತಾನೆ. ಬದನೆ ಯಾವುದು, ಮೆಣಸಿನಕಾಯಿ ಯಾವುದು, ಟೊಮೆಟೊ ಯಾವುದು ಎಂದು ಅಂಗೈಯಲ್ಲಿ ಹರಡಿ ಹೇಳುತ್ತಾನೆ. ಹಾಗಾದರೆ ಶಾಲೆಯಲ್ಲಿ ಏಕೆ ಹೀಗೆ? ಶಾಲೆ ಬದಲಿಸಬೇಕೇ? ತಿಳಿದವರು ಹೇಳಿ.

ಹೊಂಗೆನೆರಳು · ರಾತ್ರಿ 11:22

ಅಕ್ಕಾ, ಮೊದಲು ಊಟ ಮಾಡಿ ಮಲಗಿ. ಬೆಳಿಗ್ಗೆ ಎಲ್ಲರೂ ಬರುತ್ತಾರೆ. ಹೊಡೆದದ್ದನ್ನು ಬರೆಯಲು ಧೈರ್ಯ ಬೇಕು.

ಹಳೆಯ ಕರಿಹಲಗೆ (ಹಾವೇರಿ) · ಶುಕ್ರವಾರ, ಬೆಳಿಗ್ಗೆ 5:50

ಮೂವತ್ತನಾಲ್ಕು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ಹಿಂದೆಯೂ ಇಂಥ ಮಕ್ಕಳಿದ್ದರು. ಆಗ ಯಾವ ರೋಗದ ಹೆಸರೂ ಇರಲಿಲ್ಲ. ಹುಣಸೆ ಬರಲು ಇತ್ತು, ಹೆದರಿಕೆ ಇತ್ತು, ಕೂರುತ್ತಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಲಟ್ಟಣಿಗೆ ತಪ್ಪು, ಒಪ್ಪುತ್ತೇನೆ. ಆದರೆ ಹೆದರಿಕೆಯೇ ಇಲ್ಲದೆ ಮಗು ಬೆಳೆಯಬಾರದು.

ಕೊನೆಯ ಬೆಂಚು (ಹುಬ್ಬಳ್ಳಿ) · ಬೆಳಿಗ್ಗೆ 7:15

ಗುರುಗಳೇ, ಆ ಬರಲಿನ ಏಟು ತಿಂದವನು ನಾನು. ಈಗ ನನಗೆ 27.

ಕೂರುತ್ತಿದ್ದೆವು ಎಂದಿರಿ. ಹೌದು, ನಾನು ಕೂರುತ್ತಿದ್ದೆ. ಪಾಠ ಕೇಳುತ್ತಿರಲಿಲ್ಲ, ಮುಂದಿನ ಏಟು ಯಾವಾಗ ಬೀಳುತ್ತದೆ ಎಂದು ನಿಮ್ಮ ಕೈಯನ್ನೇ ನೋಡುತ್ತ ಕೂರುತ್ತಿದ್ದೆ. ನಾಲ್ಕನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ನನಗೆ ನೆನಪಿರುವುದು ಮೇಷ್ಟ್ರುಗಳ ಕೈಗಳು ಮಾತ್ರ. ಇಬ್ಬರು ಗೆಳೆಯರು ಏಳನೇ ತರಗತಿಯಲ್ಲೇ ಶಾಲೆ ಬಿಟ್ಟರು. ‘ಆಗ ಇಂಥ ಮಕ್ಕಳು ಸರಿಹೋಗುತ್ತಿದ್ದರು’ ಎನ್ನುವವರ ಲೆಕ್ಕದಲ್ಲಿ ಅವರಿಬ್ಬರು ಇರುವುದೇ ಇಲ್ಲ.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ ಎಂದು ಗೊತ್ತಾಯಿತು. ಅಕ್ಕಾ, ನಿಮ್ಮ ಮಗ ಬೇಕೆಂದೇ ಮಾಡುತ್ತಿಲ್ಲ. ಕಾಲುಚೀಲ ತರಲು ಹೋದಾಗ ನಿಜವಾಗಿಯೂ ತರಲೆಂದೇ ಹೋಗಿರುತ್ತಾನೆ.

ಹಳೆಯ ಕರಿಹಲಗೆ · ಬೆಳಿಗ್ಗೆ 7:40

ತಮ್ಮಾ, ನಿನ್ನ ಮೇಷ್ಟ್ರು ನಾನಲ್ಲ. ಆದರೂ ನಿನ್ನ ಮಾತು ನಾಟಿತು. ಶಾಲೆ ಬಿಟ್ಟವರನ್ನು ನಾನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಶಿಸ್ತು ಬೇಡ ಎಂದು ಮಾತ್ರ ಯಾರೂ ಹೇಳಬೇಡಿ.

ಕೊನೆಯ ಬೆಂಚು · ಬೆಳಿಗ್ಗೆ 7:48

ಶಿಸ್ತು ಬೇಡ ಎಂದು ನಾನು ಹೇಳಲಿಲ್ಲ. ಏಟು ಬೇಡ ಎಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಮೆಂತ್ಯಸೊಪ್ಪು · ಬೆಳಿಗ್ಗೆ 8:05

ಬೀಜದ ಅಂಗಡಿಯಲ್ಲಿ ಎರಡು ಗಂಟೆ ಕೂರುತ್ತಾನೆ ಎಂದರೆ ಏಕಾಗ್ರತೆ ಇದೆ ಎಂದೇ ಅರ್ಥ. ಎಡಿಎಚ್‌ಡಿ ಹೇಗಾಗುತ್ತದೆ? ಶಾಲೆಯ ಪಾಠವೇ ನೀರಸ ಇರಬೇಕು.

ತುಂಗಾತೀರ (ಶಿವಮೊಗ್ಗ) · ಬೆಳಿಗ್ಗೆ 9:30

ನಾನು ಮಕ್ಕಳ ಆಪ್ತಸಮಾಲೋಚಕಿ. ಮೆಂತ್ಯಸೊಪ್ಪು ಅವರ ಮಾತನ್ನು ವಾರಕ್ಕೆ ನಾಲ್ಕು ಬಾರಿಯಾದರೂ ತಂದೆತಾಯಿಯರಿಂದ ಕೇಳುತ್ತೇನೆ. ಈ ಮಕ್ಕಳಿಗೆ ಗಮನವೇ ಇಲ್ಲ ಎಂದಲ್ಲ. ಗಮನವನ್ನು ಬೇಕಾದ ಕಡೆಗೆ ತಿರುಗಿಸುವುದು, ಬೇಡವಾದ ಕಡೆಯಿಂದ ಕೀಳುವುದು ಕಷ್ಟ. ಇಷ್ಟದ ಕೆಲಸದಲ್ಲಿ ಮುಳುಗಿಹೋಗುತ್ತಾರೆ, ಕರೆದರೂ ಕೇಳಿಸುವುದಿಲ್ಲ. ಆದ್ದರಿಂದ ಬೀಜ ಬೇರೆ ಮಾಡುತ್ತಾನೆ ಎಂಬುದರಿಂದ ಎಡಿಎಚ್‌ಡಿ ಇಲ್ಲವೆಂದೂ ಹೇಳಲಾಗದು, ಇದೆಯೆಂದೂ ಹೇಳಲಾಗದು.

ಯಾರೂ ಇಲ್ಲಿ ಓದಿಯೇ ರೋಗದ ಹೆಸರು ಹೇಳಬೇಡಿ. ಹನ್ನೆರಡು ವರ್ಷಕ್ಕೆ ಮೊದಲೇ ಲಕ್ಷಣ ಕಂಡಿರಬೇಕು, ಆರು ತಿಂಗಳಾದರೂ ಉಳಿದಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಿಸಬೇಕು. ಅದಕ್ಕೆ ಮುಂಚೆ ಬೇರೆ ಕಾರಣಗಳನ್ನು ನೋಡಬೇಕು. ಎಳ್ಳುಹೂ ಅವರೇ, ಕೆಲವು ಪ್ರಶ್ನೆ. ರಾತ್ರಿ ಗೊರಕೆ ಹೊಡೆಯುತ್ತಾನೆಯೇ? ಬಾಯಿ ತೆರೆದು ಮಲಗುತ್ತಾನೆಯೇ? ಕಿವಿ, ಕಣ್ಣು ಪರೀಕ್ಷೆ ಆಗಿದೆಯೇ? ಆಟದ ನಡುವೆ ಕೆಲವು ಕ್ಷಣ ಮಂಕಾಗಿ ನಿಂತುಬಿಡುತ್ತಾನೆಯೇ? ಓದು ಬರಹ ತರಗತಿಯ ಮಟ್ಟಕ್ಕೆ ಇದೆಯೇ? ಎಷ್ಟು ಗಂಟೆಗೆ ಮಲಗುತ್ತಾನೆ?

ಇನ್ನೊಂದು ಕೆಲಸ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಭಾಗ ಮಾಡಿ. ಗಲಾಟೆಗೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನೀವೆಲ್ಲರೂ ಏನು ಮಾಡಿದಿರಿ. ಒಂದು ವಾರ ಬರೆಯಿರಿ. ನಾವೆಲ್ಲ ನಡುವಿನ ಭಾಗವನ್ನೇ ನೋಡಿ ಸಿಟ್ಟಾಗುತ್ತೇವೆ. ಸುಳಿವು ಇರುವುದು ಮೊದಲ ಭಾಗದಲ್ಲಿ.

ಅಜ್ಜಿಮನೆ (ಶಿರಸಿ) · ಬೆಳಿಗ್ಗೆ 10:12

ಮಗಳೇ, ದೃಷ್ಟಿ ಎಂದರೆ ಈಗಿನವರು ನಂಬುವುದಿಲ್ಲ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರೆ ನಷ್ಟವೇನೂ ಇಲ್ಲ, ಅತ್ತೆಗೂ ಸಮಾಧಾನ. ಹಿತ್ತಿಲಿನ ಒಂದೆಲಗದ ತಂಬುಳಿ ಮಾಡಿ ಕೊಡು, ತಲೆಗೆ ತಂಪು. ನನಗೆ ಒಂದು ಸಂಶಯ. ಶಾಲೆಯಿಂದ ಕರೆ ಬಂದ ಆ ಮೂರೂ ದಿನ ಹುಡುಗ ಬೆಳಿಗ್ಗೆ ಏನು ತಿಂದು ಹೋಗಿದ್ದ?

ರಾಗಿಮುದ್ದೆ (ತುಮಕೂರು) · ಬೆಳಿಗ್ಗೆ 10:30

ಸಕ್ಕರೆ ನಿಲ್ಲಿಸಿ. ಚಾಕೊಲೇಟ್, ಬಿಸ್ಕತ್ತು ತಿಂದ ಮಕ್ಕಳೇ ಹೀಗೆ ಕುಣಿಯುವುದು. ನನ್ನ ಅಣ್ಣನ ಮಗನ ಹುಟ್ಟುಹಬ್ಬದಲ್ಲಿ ಕಣ್ಣಾರೆ ನೋಡಿದ್ದೇನೆ.

ತುಂಗಾತೀರ · ಬೆಳಿಗ್ಗೆ 10:51

ಹುಟ್ಟುಹಬ್ಬದಲ್ಲಿ ಇಪ್ಪತ್ತು ಮಕ್ಕಳು, ಬಲೂನು, ಗದ್ದಲ ಇರುತ್ತದೆ. ಕುಣಿಯದೆ ಏನು ಮಾಡುತ್ತಾರೆ? ಯಾವ ಮಗುವಿಗೆ ಸಕ್ಕರೆ ಕೊಟ್ಟಿದೆ ಎಂಬುದು ತಂದೆತಾಯಿಗೂ ಗೊತ್ತಾಗದಂತೆ ನಡೆಸಿದ ಪ್ರಯೋಗಗಳನ್ನು 1995ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಸಕ್ಕರೆಯಿಂದ ವರ್ತನೆ ಕೆಡುತ್ತದೆ ಎಂಬುದು ಕಂಡುಬರಲಿಲ್ಲ. ಹಲ್ಲಿಗಾಗಿ ಕಡಿಮೆ ಮಾಡಿ, ಒಳ್ಳೆಯದೇ.

ರಾಗಿಮುದ್ದೆ · ಬೆಳಿಗ್ಗೆ 11:00

ನಾನು ಒಪ್ಪುವುದಿಲ್ಲ. ಮೊಬೈಲ್ ವಿಷಯದಲ್ಲಾದರೂ ಒಪ್ಪುತ್ತೀರಾ?

ತುಂಗಾತೀರ · ಬೆಳಿಗ್ಗೆ 11:04

ಮೊಬೈಲ್ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ. ಅದರಲ್ಲೂ ಮಲಗುವ ಮುಂಚಿನ ಮೊಬೈಲ್. ಈ ವಯಸ್ಸಿಗೆ ದಿನಕ್ಕೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು.

ಪಾರಿಜಾತ · ಮಧ್ಯಾಹ್ನ 12:20

ಕಹಿಯಾದರೂ ಹೇಳುತ್ತೇನೆ. ಚಿಕ್ಕ ಮಕ್ಕಳಿರುವಾಗ ತಾಯಿ ಕೆಲಸಕ್ಕೆ ಹೋದರೆ ಹೀಗೇ ಆಗುವುದು. ನಾನು ಬ್ಯಾಂಕಿನ ಕೆಲಸ ಬಿಟ್ಟು ಇಬ್ಬರನ್ನು ಬೆಳೆಸಿದೆ. ಹಣ ನಾಳೆ ಬರುತ್ತದೆ, ಬಾಲ್ಯ ಬರುವುದಿಲ್ಲ.

ಹೊಂಗೆನೆರಳು · ಮಧ್ಯಾಹ್ನ 12:24

ಆ ಮಗುವಿಗೆ ತಂದೆಯೂ ಇದ್ದಾರೆ. ಅವರು ಅಂಗಡಿ ಮುಚ್ಚಬೇಕು ಎಂದು ನೀವು ಏಕೆ ಬರೆಯಲಿಲ್ಲ?

ಬಿಳಿಜೋಳ (ಗದಗ) · ಮಧ್ಯಾಹ್ನ 12:41

ನಾನು ಮನೆಯಲ್ಲೇ ಇದ್ದೇನೆ, ಹೊರಗೆ ಒಂದು ದಿನವೂ ದುಡಿದಿಲ್ಲ. ನನ್ನ ಎರಡನೆಯ ಮಗ ಇದೇ ರೀತಿ. ಹಿರಿಯವನು ಶಾಂತ. ಒಂದೇ ತಾಯಿ, ಒಂದೇ ಮನೆ, ಒಂದೇ ಅಡಿಗೆ. ಎಳ್ಳುಹೂ ಅವರೇ, ಈ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ.

ಎಳ್ಳುಹೂ · ರಾತ್ರಿ 10:05

ಊಟದ ಬಿಡುವಿನಲ್ಲಿ ಎಲ್ಲವನ್ನೂ ಓದಿದೆ. ಪಾರಿಜಾತ ಅವರ ಮಾತು ನನಗೆ ಹೊಸದಲ್ಲ, ನನ್ನ ತಾಯಿಯೇ ಹೇಳುತ್ತಾರೆ. ಅಂಗಡಿಯ ಸಾಲಕ್ಕೆ ನನ್ನ ಸಂಬಳವೇ ಕಂತು ಕಟ್ಟುತ್ತದೆ, ಬಿಡಲು ಆಗದು.

ತುಂಗಾತೀರ ಮೇಡಂ, ನಿಮ್ಮ ಪ್ರಶ್ನೆಗಳಿಗೆ. ಗೊರಕೆ ಹೌದು. ಅಜ್ಜನ ಹಾಗೆ ಹೊಡೆಯುತ್ತಾನೆ ಎಂದು ನಾವೆಲ್ಲ ನಗುತ್ತಿದ್ದೆವು. ಬಾಯಿ ಯಾವಾಗಲೂ ತೆರೆದೇ ಇರುತ್ತದೆ, ದಿಂಬು ಒದ್ದೆ. ಮಲಗುವುದು ಹತ್ತೂವರೆ, ಏಳುವುದು ಏಳು. ಮಂಕಾಗಿ ನಿಲ್ಲುವುದಿಲ್ಲ. ಕಣ್ಣು, ಕಿವಿ ತೋರಿಸಿಲ್ಲ. ಓದು ಪರವಾಗಿಲ್ಲ, ಬರೆಯುವುದೆಂದರೆ ಅಳು.

ಅಜ್ಜಿ, ನಿಮ್ಮ ಪ್ರಶ್ನೆಗೆ ಉತ್ತರ ಬರೆಯುವ ಮುಂಚೆ ಮೊಬೈಲಿನಲ್ಲಿ ಶಾಲೆಯ ಕರೆಗಳ ಸಮಯ ನೋಡಿದೆ. ಮೂರೂ 12:10ರಿಂದ 12:40ರ ಒಳಗೆ. ಮೂರೂ ದಿನ ಬೆಳಿಗ್ಗೆ ಜಗಳವಾಗಿ ತಿಂಡಿ ಬಿಟ್ಟು ವ್ಯಾನ್ ಹತ್ತಿದ್ದ. ಊಟದ ಬಿಡುವು ಒಂದು ಗಂಟೆಗೆ. ಆ ಸಮಯದಲ್ಲಿ ಹಲಗೆ ನೋಡಿ ಬರೆಯುವ ಕನ್ನಡ ತರಗತಿ ಇರುತ್ತದೆ. ಇಷ್ಟು ದಿನ ನಾನು ಇದನ್ನು ಜೋಡಿಸಿ ನೋಡಿರಲೇ ಇಲ್ಲ.

ಅಜ್ಜಿಮನೆ · ರಾತ್ರಿ 10:20

ಹಸಿದ ಹೊಟ್ಟೆ, ಬಾರದ ಬರಹ. ದೊಡ್ಡವರಾದರೂ ರೇಗುತ್ತಾರೆ.

ಸೇವಂತಿಗೆ (ಧಾರವಾಡ) · ರಾತ್ರಿ 10:48

ಇಷ್ಟು ಹೊತ್ತು ಸುಮ್ಮನೆ ಓದಿದೆ. ನಾನು ಆ ಕಡೆಯ ತಾಯಿ. ಹೋದ ವರ್ಷ ನನ್ನ ಮಗಳಿಗೆ ತರಗತಿಯ ಹುಡುಗನೊಬ್ಬ ಅಳತೆಪಟ್ಟಿಯಿಂದ ಹೊಡೆದು ಹುಬ್ಬಿಗೆ ಎರಡು ಹೊಲಿಗೆ ಬಿದ್ದವು. ಅವನಿಗೂ ಏನೋ ತೊಂದರೆ ಇದೆ ಎಂದರು. ಇರಬಹುದು. ನನ್ನ ಮಗಳು ಎರಡು ತಿಂಗಳು ಶಾಲೆಗೆ ಹೋಗಲು ಅಳುತ್ತಿದ್ದಳು. ಆ ಹುಡುಗನ ಮನೆಯವರು ಒಮ್ಮೆಯೂ ಹೇಗಿದ್ದಾಳೆ ಎಂದು ಕೇಳಲಿಲ್ಲ. ಎಲ್ಲರೂ ಚುಚ್ಚಿದ ಮಗುವಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಆ ಹುಡುಗಿಯ ತೋಳು ಹೇಗಿದೆ?

ಎಳ್ಳುಹೂ · ರಾತ್ರಿ 10:55

ಕೇಳಿಲ್ಲ. ನಾಳೆ ಹೋಗುತ್ತೇನೆ.

ಕೊನೆಯ ಬೆಂಚು · ರಾತ್ರಿ 11:02

ಸೇವಂತಿಗೆ ಅವರು ಸರಿಯಾಗಿ ಕೇಳಿದ್ದಾರೆ. ಮಗನನ್ನೂ ಕರೆದುಕೊಂಡು ಹೋಗಿ ಅಕ್ಕಾ. ಎಲ್ಲರ ಮುಂದೆ ಕಿವಿ ಹಿಡಿಸುವುದು ಬೇಡ, ಆದರೆ ಅವನ ಕೈಯಿಂದಲೇ ಏನಾದರೂ ಕೊಡಿಸಿ.

ಕಡಲಾಚೆ (ಮಸ್ಕತ್) · ಶನಿವಾರ, ಬೆಳಿಗ್ಗೆ 6:30

ನನ್ನ ಮಗನಿಗೆ ಹತ್ತು ವರ್ಷ. ಎರಡು ವರ್ಷದಿಂದ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಆರಂಭಿಸುವ ಮುಂಚೆ ಆರು ತಿಂಗಳು ನಾನೂ ನನ್ನ ಹೆಂಡತಿಯೂ ಜಗಳವಾಡಿದೆವು. ಮಗು ಮಂಕಾಗುತ್ತದೆ, ಚಟ ಹಿಡಿಯುತ್ತದೆ ಎಂದು ಉಡುಪಿಯಿಂದ ದಿನವೂ ಕರೆ. ಮಂಕಾಗಲಿಲ್ಲ. ಮೊದಲ ವಾರವೇ ಶಾಲೆಯಿಂದ ಬಂದು ‘ಅಪ್ಪಾ, ಇವತ್ತು ಟೀಚರ್ ಹೇಳಿದ್ದು ಪೂರ್ತಿ ಕೇಳಿಸಿತು’ ಎಂದ. ಹಸಿವು ಕಡಿಮೆಯಾಯಿತು, ಅದು ನಿಜ. ಅದಕ್ಕೆ ಮಾತ್ರೆಗೆ ಮುಂಚೆ ಗಟ್ಟಿಯಾದ ತಿಂಡಿ, ರಾತ್ರಿ ಇನ್ನೊಂದು ಊಟ. ತೂಕ, ಎತ್ತರ, ನಾಡಿ, ರಕ್ತದೊತ್ತಡ ನೋಡುತ್ತಿರುತ್ತಾರೆ.

ಮೆಂತ್ಯಸೊಪ್ಪು · ಬೆಳಿಗ್ಗೆ 7:10

ಏಳು ವರ್ಷದ ಮಗುವಿಗೆ ನಿದ್ದೆ ಮಾತ್ರೆಯೇ? ದಯವಿಟ್ಟು ಬೇಡ.

ಕಡಲಾಚೆ · ಬೆಳಿಗ್ಗೆ 7:14

ಅದು ನಿದ್ದೆ ಮಾತ್ರೆ ಅಲ್ಲ. ತದ್ವಿರುದ್ಧ, ತಡವಾಗಿ ಕೊಟ್ಟರೆ ನಿದ್ದೆಯೇ ಬರುವುದಿಲ್ಲ. ತಿಳಿಯದೆ ಹೆದರಿಸಬೇಡಿ.

ಬೇವಿನಕಡ್ಡಿ (ಬಳ್ಳಾರಿ) · ಬೆಳಿಗ್ಗೆ 8:20

ನಾನು ಔಷಧ ಅಂಗಡಿಯವನು. ನಮ್ಮ ದೇಶದಲ್ಲಿ ಮೀಥೈಲ್‌ಫೆನಿಡೇಟ್ ‘ಎಕ್ಸ್’ ಅನುಸೂಚಿಯ ಔಷಧ. ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ನಾವು ಎರಡು ವರ್ಷ ಇಟ್ಟುಕೊಳ್ಳಬೇಕು. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಯಾರೋ ಹೇಳಿದರೆಂದು ತಂದು ಕೊಡುವ ಮಾತೇ ಇಲ್ಲ.

ತುಂಗಾತೀರ · ಬೆಳಿಗ್ಗೆ 9:45

ಮಾತ್ರೆಯ ವಿಷಯ ಈಗಲೇ ಬೇಡ. ಎಳ್ಳುಹೂ ಅವರ ಉತ್ತರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಗೊರಕೆ. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿಕೊಂಡಿದ್ದರೆ ಮಗು ಬಾಯಿಯಿಂದ ಉಸಿರಾಡುತ್ತದೆ, ರಾತ್ರಿಯ ನಿದ್ದೆ ತುಂಡುತುಂಡಾಗುತ್ತದೆ. ದೊಡ್ಡವರಿಗೆ ನಿದ್ದೆ ಸಾಲದಿದ್ದರೆ ತೂಕಡಿಸುತ್ತಾರೆ. ಮಕ್ಕಳು ತೂಕಡಿಸುವುದಕ್ಕಿಂತ ಹೆಚ್ಚಾಗಿ ಚಡಪಡಿಸುತ್ತಾರೆ, ರೇಗುತ್ತಾರೆ. ನೋಡಿದವರಿಗೆ ಎಡಿಎಚ್‌ಡಿಯ ಹಾಗೆಯೇ ಕಾಣುತ್ತದೆ. ಮೊದಲು ಕಿವಿ, ಮೂಗು, ಗಂಟಲು ವೈದ್ಯರು, ಜೊತೆಗೆ ಕಿವಿ ಮತ್ತು ಕಣ್ಣು ಪರೀಕ್ಷೆ.

ಆಮೇಲೆ ಮಕ್ಕಳ ಮನೋವೈದ್ಯರು. ನಿಮಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ, ಹಲವು ಕಡೆ ಮಕ್ಕಳ ಬೆಳವಣಿಗೆಯ ತೊಂದರೆ ನೋಡಲೆಂದೇ ಕೇಂದ್ರ ಇದೆ. ರಾತ್ರಿ ಹೊತ್ತು ನಿಮಗೇ ಮಾತನಾಡಬೇಕೆನಿಸಿದರೆ 14416, ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಅದು ಮಗುವಿಗೆ ಮಾತ್ರವಲ್ಲ, ತಾಯಿಗೂ ಹೌದು.

ಕಾಯಿದೆ ಪುಸ್ತಕ (ಬೆಳಗಾವಿ) · ಬೆಳಿಗ್ಗೆ 10:30

ಟಿ.ಸಿ. ವಿಷಯಕ್ಕೆ ಬರುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೇ ತರಗತಿಯವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಅನುತ್ತೀರ್ಣ ಮಾಡುವುದಕ್ಕೆ ಅವಕಾಶ ಕೊಟ್ಟಿತು, ಹೊರಹಾಕುವುದಕ್ಕೆ ಕೊಡಲಿಲ್ಲ. ನೀವಾಗಿಯೇ ಟಿ.ಸಿ. ಕೇಳಿದಂತೆ ಅರ್ಜಿ ಬರೆಸಿಕೊಳ್ಳುತ್ತಾರೆ. ಬರೆದುಕೊಡಬೇಡಿ. ಅವರು ಹೇಳುವುದನ್ನು ಲಿಖಿತವಾಗಿ ಕೊಡಲಿ ಎಂದು ಕೇಳಿ. ಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ.

ಮಳೆಬಿಲ್ಲು · ಬೆಳಿಗ್ಗೆ 11:15

ಒಂದು ತಿದ್ದುಪಡಿ. ಅಲ್ಪಸಂಖ್ಯಾತರ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾವ ಬಗೆಯ ಶಾಲೆ ಎಂದು ಮೊದಲು ನೋಡಿಕೊಳ್ಳಲಿ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿದರೆ ಇನ್ನೂ ಗಟ್ಟಿ.

ಕಾಯಿದೆ ಪುಸ್ತಕ · ಬೆಳಿಗ್ಗೆ 11:26

ತಿದ್ದುಪಡಿ ಸರಿ. ಪ್ರಮಾಣಪತ್ರದ ಮಾತು ಪೂರ್ತಿ ಸರಿಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಎಂದು ಬೇರೆಯಾಗಿ ಇಲ್ಲ. ಬರಹದ ತೊಂದರೆ ಕಲಿಕಾ ನ್ಯೂನತೆ ಎಂದು ಖಚಿತವಾದರೆ ಅದರಡಿ ಬರುತ್ತದೆ.

ಬಿಸಿಯೂಟ (ಕೊಪ್ಪಳ ಜಿಲ್ಲೆ) · ಮಧ್ಯಾಹ್ನ 3:40

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ದೂರು, ಕಾಯ್ದೆ ಎಂದು ಶುರು ಮಾಡಿದರೆ ಶಿಕ್ಷಕಿ ಶತ್ರುವಾಗುತ್ತಾಳೆ, ಆಮೇಲೆ ದಿನಕ್ಕೆ ಐದು ಗಂಟೆ ಮಗು ಅವಳ ಜೊತೆಗೇ ಇರಬೇಕು. ನನ್ನ ತರಗತಿಯಲ್ಲಿ 43 ಮಕ್ಕಳು. ಅವರಲ್ಲಿ ಒಬ್ಬ ನಿಮ್ಮ ಮಗನಂಥವನೇ. ನಾನು ಮಾಡುವುದು ಇಷ್ಟು. ಕೊನೆಯ ಬೆಂಚಿಗೆ ಕಳಿಸುವುದಿಲ್ಲ, ನನ್ನ ಮೇಜಿನ ಬದಿಗೇ ಕೂರಿಸುತ್ತೇನೆ. ಹತ್ತು ಸಾಲು ಬರೆಯುವ ಕಡೆ ಮೂರು ಬರೆಸಿ ತೋರಿಸು ಎನ್ನುತ್ತೇನೆ, ಆಮೇಲೆ ಮತ್ತೆ ಮೂರು. ಕೂತು ಸಾಕಾಯಿತು ಎನ್ನುವುದು ಅವನ ಕಾಲಿನಲ್ಲೇ ಗೊತ್ತಾಗುತ್ತದೆ. ಆಗ ಮುಖ್ಯೋಪಾಧ್ಯಾಯರ ಕೊಠಡಿಗೆ ಸೀಮೆಸುಣ್ಣ ತರಲು ಓಡಿಸುತ್ತೇನೆ. ನಮ್ಮ ಶಾಲೆಯಲ್ಲಿ ಅಷ್ಟು ಸೀಮೆಸುಣ್ಣ ಬೇಕಿಲ್ಲ, ಅವನಿಗೆ ಆ ಓಟ ಬೇಕು. ನಿಮ್ಮ ತರಗತಿ ಶಿಕ್ಷಕಿಯನ್ನು ಒಬ್ಬರೇ ಭೇಟಿಯಾಗಿ, ಮಗನ ಬೀಜದ ಜಾಣ್ಮೆಯನ್ನೂ ಹೇಳಿ. ಅವರಿಗೆ ಅವನ ಆ ಮುಖ ಗೊತ್ತೇ ಇರುವುದಿಲ್ಲ.

ಹಳೆಯ ಕರಿಹಲಗೆ · ಸಂಜೆ 4:30

ಈ ಸೀಮೆಸುಣ್ಣದ ಉಪಾಯ ಮೂವತ್ತನಾಲ್ಕು ವರ್ಷದಲ್ಲಿ ನನಗೆ ಹೊಳೆಯಲಿಲ್ಲ. ನಿಮಗೆ ನಮಸ್ಕಾರ ತಾಯಿ.

ಬಿಳಿಜೋಳ · ಸಂಜೆ 5:15

ಬೆಳಗಿನ ಗಲಾಟೆಗೆ ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ‘ಬೇಗ ತಯಾರಾಗು’ ಎನ್ನುವುದನ್ನು ನಿಲ್ಲಿಸಿದೆ. ಅದು ಒಂದು ಮಾತಲ್ಲ, ಎಂಟು ಕೆಲಸ. ನನ್ನ ಮಗನಿಗೆ ಎಂಟೂ ಒಟ್ಟಿಗೆ ಹೇಳಿದರೆ ಒಂದೂ ಉಳಿಯುವುದಿಲ್ಲ. ಅಡಿಗೆಮನೆಯಿಂದ ಕೂಗುವುದನ್ನೂ ಬಿಟ್ಟೆ. ಹತ್ತಿರ ಹೋಗಿ, ಭುಜದ ಮೇಲೆ ಕೈಯಿಟ್ಟು, ಒಂದೇ ಕೆಲಸ ಹೇಳುತ್ತೇನೆ. ಅದು ಮುಗಿದ ಮೇಲೆ ಇನ್ನೊಂದು. ಸಮವಸ್ತ್ರ, ಕಾಲುಚೀಲ, ಚೀಲ ಎಲ್ಲವೂ ರಾತ್ರಿಯೇ ಒಂದೇ ಬುಟ್ಟಿಗೆ. ತಿಂಡಿಗೆ ತಟ್ಟೆ ಇಲ್ಲ, ರೊಟ್ಟಿ ಸುರುಳಿ ಸುತ್ತಿ ಕೈಗೆ ಕೊಡುತ್ತೇನೆ, ಓಡಾಡುತ್ತ ತಿನ್ನಲಿ. ಕೂತೇ ತಿನ್ನಬೇಕು ಎಂಬ ಹಟ ನನ್ನದಾಗಿತ್ತು, ಅವನದಲ್ಲ.

ಗೋಡೆಗೆ ಕ್ಯಾಲೆಂಡರ್ ಅಂಟಿಸಿ, ಎಸೆಯದೆ ಕಳೆದ ಬೆಳಗಿಗೆ ಒಂದು ಚುಕ್ಕಿ. ಐದು ಚುಕ್ಕಿಗೆ ಅವನೇ ಆರಿಸಿದ ಬಹುಮಾನ. ಕೊಟ್ಟ ಚುಕ್ಕಿಯನ್ನು ಸಿಟ್ಟಿನಲ್ಲಿ ಅಳಿಸಬೇಡಿ. ನಾನು ಅಳಿಸಿದೆ, ಅಂದೇ ಕ್ಯಾಲೆಂಡರ್ ಹರಿದು ಹಾಕಿದ.

ತುಂಗಾತೀರ · ಸಂಜೆ 6:02

ಬಿಳಿಜೋಳ ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಇಷ್ಟು ದಿನ ಎಸೆದರೆ ಮನೆಯೆಲ್ಲ ಓಡಿ ಬರುತ್ತಿತ್ತು, ಕೆಲವೊಮ್ಮೆ ಮೊಬೈಲೂ ಸಿಗುತ್ತಿತ್ತು. ಅದನ್ನು ನಿಲ್ಲಿಸಿದ ಮೊದಲ ವಾರ ರಂಪ ಹೆಚ್ಚಾಗುತ್ತದೆ. ‘ಉಪಾಯ ಕೆಲಸ ಮಾಡಲಿಲ್ಲ’ ಎಂದು ನಾಲ್ಕನೆಯ ದಿನ ಮೊಬೈಲ್ ಕೊಟ್ಟುಬಿಟ್ಟರೆ, ಜೋರಾಗಿ ಕೂಗಿದರೆ ಸಿಗುತ್ತದೆ ಎಂದು ಕಲಿಯುತ್ತಾನೆ. ಮನೆಯ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ಎತ್ತು ಏರಿಗೆ, ಕೋಣ ನೀರಿಗೆ ಆಗಬಾರದು.

ಅಜ್ಜಿಮನೆ · ಸಂಜೆ 6:40

ಒಂದೆಲಗ ಪೇಟೆಯಲ್ಲಿ ಸಿಗುತ್ತದೆಯೇ ಎಂದು ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಕುಂಡದಲ್ಲೂ ಬರುತ್ತದೆ, ತೇವ ಮತ್ತು ನೆರಳು ಬೇಕು. ಗೆಣ್ಣಿನ ತುಂಡು ನೆಟ್ಟರೆ ಸಾಕು.

ರಾಗಿಮುದ್ದೆ · ಸಂಜೆ 6:44

ಅಜ್ಜಿ, ನಮ್ಮ ಕಡೆ ಬಿಸಿಲಿಗೆ ಒಣಗಿಹೋಯಿತು.

ಅಜ್ಜಿಮನೆ · ಸಂಜೆ 6:50

ಬಚ್ಚಲಿನ ನೀರು ಹೋಗುವ ಕಡೆ ನೆಡು.

ಎಳ್ಳುಹೂ · ಇಪ್ಪತ್ತಾರು ದಿನಗಳ ನಂತರ, ರಾತ್ರಿ 9:50

ಬರೆಯುತ್ತೇನೆ ಎಂದು ಹೇಳಿ ಇಷ್ಟು ದಿನವಾಯಿತು, ಕ್ಷಮಿಸಿ.

ಮೊದಲು ಸೇವಂತಿಗೆ ಅವರಿಗೆ. ಮರುದಿನವೇ ಆ ಹುಡುಗಿಯ ಮನೆಗೆ ಹೋದೆವು. ತೋಳಿನ ಗಾಯ ಒಣಗಿತ್ತು. ಅವಳ ತಂದೆ ಬಾಗಿಲಲ್ಲೇ ನಿಲ್ಲಿಸಿ ಹತ್ತು ನಿಮಿಷ ಬೈದರು, ಬೈಯಿಸಿಕೊಂಡೆ. ಮಗ ತನ್ನ ಡಬ್ಬಿಯಿಂದ ಸೂರ್ಯಕಾಂತಿ ಬೀಜ ತೆಗೆದು ಅವಳಿಗೆ ಕೊಟ್ಟ. ಅವಳು ಇಟ್ಟುಕೊಂಡಳು. ಅವಳ ತಾಯಿ ಈಗಲೂ ನನ್ನ ಜೊತೆ ಮಾತನಾಡುವುದಿಲ್ಲ.

ವೈದ್ಯರು ಅಡಿನಾಯ್ಡ್ ಊದಿದೆ ಎಂದರು. ಸದ್ಯ ಮೂಗಿಗೆ ಔಷಧ ಸಿಂಪಡಿಸುತ್ತಿದ್ದೇವೆ, ಎರಡು ತಿಂಗಳು ನೋಡಿ ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುತ್ತಾರಂತೆ. ಗೊರಕೆ ಸ್ವಲ್ಪ ಕಡಿಮೆ. ಕಿವಿ, ಕಣ್ಣು ಸರಿ ಇವೆ. ಧಾರವಾಡಕ್ಕೆ ಒಮ್ಮೆ ಹೋಗಿ ಬಂದೆವು. ನನ್ನನ್ನೂ ಮನೆಯವರನ್ನೂ ಒಂದು ಗಂಟೆ ಕೂರಿಸಿ ಕೇಳಿದರು, ಶಿಕ್ಷಕಿ ತುಂಬಬೇಕಾದ ಪ್ರಶ್ನಾವಳಿ ಕೊಟ್ಟರು. ಇನ್ನೂ ಏನೂ ಖಚಿತವಾಗಿ ಹೇಳಿಲ್ಲ, ಬರಹದ ಪರೀಕ್ಷೆ ಬಾಕಿ ಇದೆ. ಹಿಂದಿರುಗುವಾಗ ರೈಲಿನಲ್ಲಿ ಮನೆಯವರು ಮೊದಲ ಬಾರಿಗೆ ಹೇಳಿದರು, ‘ನಾನೂ ಹೀಗೆಯೇ ಇದ್ದೆ ಎನ್ನುತ್ತೇನಲ್ಲ, ನನಗೆ ಶಾಲೆಯೆಂದರೆ ಹೊಟ್ಟೆನೋವು ಬರುತ್ತಿತ್ತು’ ಎಂದು. ಅಂದಿನಿಂದ ಬೆಳಿಗ್ಗೆ ಏಳರಿಂದ ಎಂಟೂಕಾಲರವರೆಗೆ ಮಗನ ಜೊತೆ ಅವರೇ ಇರುತ್ತಾರೆ. ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ.

ಸುತ್ತಿದ ಚಪಾತಿ ನಡೆಯುತ್ತಿದೆ. ಹನ್ನೊಂದು ಗಂಟೆಗೆ ಎರಡು ಶೇಂಗಾ ಉಂಡೆ ತಿನ್ನಲು ಶಿಕ್ಷಕಿ ಒಪ್ಪಿದ್ದಾರೆ. ಅವನನ್ನು ಕೊನೆಯ ಬೆಂಚಿನಿಂದ ಮುಂದಕ್ಕೆ ತಂದಿದ್ದಾರೆ. ಶಾಲೆಯಿಂದ ಒಂದು ಕರೆ ಬಂತು, ಅದು ನೀರಿನ ಬಾಟಲಿ ಎಸೆದದ್ದಕ್ಕೆ. ಟಿ.ಸಿ. ಮಾತು ನಿಂತಿಲ್ಲ, ಆದರೆ ಲಿಖಿತವಾಗಿ ಕೊಡಿ ಎಂದ ಮೇಲೆ ಮೆತ್ತಗಾಗಿದೆ.

ಸೀಮಂತಕ್ಕೆ ಅವನನ್ನು ಕರೆದುಕೊಂಡೇ ಹೋದೆವು. ಒಂದು ಗಂಟೆ ಚೆನ್ನಾಗಿದ್ದ, ಆಮೇಲೆ ಆಗಲಿಲ್ಲ, ಅತ್ತೆಯವರೇ ಹೊರಗೆ ಕರೆದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡರು. ದೃಷ್ಟಿಯನ್ನೂ ತೆಗೆದರು, ತಡೆಯಲಿಲ್ಲ.

ನಾನು ಒಮ್ಮೆ ಕೈ ಎತ್ತಿದೆ, ಹೊಡೆಯಲಿಲ್ಲ. ಲಟ್ಟಣಿಗೆ ಅಕ್ಕಿ ಡಬ್ಬಿಯ ಹಿಂದೆಯೇ ಇದೆ. ಚಪಾತಿಗೆ ಬೇಕಾದಾಗ ತೆಗೆದು, ತೊಳೆದು, ಅವನು ಇಟ್ಟ ಜಾಗದಲ್ಲೇ ಮತ್ತೆ ಇಡುತ್ತೇನೆ.

ಸೇವಂತಿಗೆ · ರಾತ್ರಿ 10:03

ಹೋಗಿ ಬಂದದ್ದಕ್ಕೆ ಧನ್ಯವಾದ. ಆ ತಾಯಿಗೆ ಸಮಯ ಕೊಡಿ.

ಕೊನೆಯ ಬೆಂಚು · ರಾತ್ರಿ 10:10

ನಿಮ್ಮ ಮನೆಯವರ ಹೊಟ್ಟೆನೋವಿನ ಮಾತು ಓದಿ ಮೊಬೈಲ್ ಕೆಳಗಿಟ್ಟೆ. ನನಗೂ ಬರುತ್ತಿತ್ತು.

ಕೆಂಪುದೀಪ · ರಾತ್ರಿ 11:35

ಹೊಸಬಳು, ಇಲ್ಲಿಯೇ ಕೇಳಬಹುದೇ? ನನ್ನ ಮಗಳಿಗೆ ಒಂಬತ್ತು. ಹೊಡೆಯುವುದಿಲ್ಲ, ಎಸೆಯುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಾಳೆ. ಪುಸ್ತಕ, ಛತ್ರಿ, ಚಪ್ಪಲಿ ಎಲ್ಲವನ್ನೂ ಕಳೆಯುತ್ತಾಳೆ. ಶಾಲೆಯವರು ‘ಒಳ್ಳೆಯ ಹುಡುಗಿ, ಸ್ವಲ್ಪ ದಡ್ಡಿ’ ಎನ್ನುತ್ತಾರೆ. ಗಲಾಟೆಯೇ ಇಲ್ಲವಲ್ಲ, ಆದ್ದರಿಂದ ಯಾರಿಗೂ ತೋರಿಸಿಲ್ಲ.

ತುಂಗಾತೀರ · ರಾತ್ರಿ 11:41

ತೋರಿಸಿ. ಎಡಿಎಚ್‌ಡಿಯಲ್ಲಿ ಗಲಾಟೆಯೇ ಇಲ್ಲದ ಬಗೆಯೂ ಇದೆ. ಹೆಣ್ಣುಮಕ್ಕಳಲ್ಲಿ ಅದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ನಿಮ್ಮ ಮಗಳಿಗೆ ಅದೇ ಇದೆ ಎನ್ನುತ್ತಿಲ್ಲ. ದಡ್ಡಿ ಎಂಬ ಮಾತನ್ನು ಮಾತ್ರ ಅವಳ ಕಿವಿಗೆ ಬೀಳಲು ಬಿಡಬೇಡಿ.

ಎಳ್ಳುಹೂ · ರಾತ್ರಿ 11:44

ಕೆಂಪುದೀಪ ಅವರೇ, ಯಾವ ಊರು ನಿಮ್ಮದು? ಮುಂದಿನ ಮಂಗಳವಾರ ನಾವು ಮತ್ತೆ ಧಾರವಾಡಕ್ಕೆ ಹೋಗುತ್ತೇವೆ. ಹತ್ತಿರದವರಾದರೆ ಜೊತೆಯಲ್ಲೇ ಹೋಗೋಣ, ಚೀಟಿ ಮಾಡಿಸುವ ಸರದಿ ಎಲ್ಲಿ ಎಂದು ನನಗೆ ಈಗ ಗೊತ್ತು.